ಮಸಿಯೋ ಬಸಿಯೋ

ಹೊಸಪೇಟೆಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇತ್ತು. ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಎರಡು ಕುರ್ಚಿ, ಒಂದು ಬೆಂಚು, ಅಷ್ಟೇ. ಗಣಿಯ ಲಾರಿಗಳು ಬಿಡುವಿಲ್ಲದೆ ಓಡುತ್ತಿದ್ದ ವರ್ಷಗಳವು. ಬೆಳಿಗ್ಗೆ ಬಾಗಿಲು ತೆಗೆದ ಕೂಡಲೇ ಕೀಬೋರ್ಡನ್ನು ಬೋರಲು ಹಾಕಿ ಬಡಿದು, ಒದ್ದೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಬಟ್ಟೆ ಕೆಂಪಾಗುತ್ತಿತ್ತು. ಆಮೇಲೆ ಲಗ್ನಪತ್ರಿಕೆ, ತಹಶೀಲ್ದಾರರಿಗೆ ಅರ್ಜಿ, ಅದಿರು ಸಾಗಿಸುವವರ ಫಾರಂ, ಹೀಗೆ ಬಂದದ್ದನ್ನೆಲ್ಲ ಟೈಪ್ ಮಾಡುತ್ತಿದ್ದೆ. ನನ್ನ ಗಂಡ ಸಂಡೂರಿನ ಒಂದು ಗಣಿ ಕಚೇರಿಯಲ್ಲಿ ಗುಮಾಸ್ತರು. ಅವರು ಬೆಳಿಗ್ಗೆ ಜೀಪು ಹತ್ತಿದರೆ ಬರುತ್ತಿದ್ದುದು ಕತ್ತಲಾದ ಮೇಲೆ. ಹಾಗಾಗಿ ಅಂಗಡಿಯೇ ನನ್ನ ಹಗಲು.

ಮಧ್ಯಾಹ್ನ ಊಟದ ಹೊತ್ತು ಕಳೆದ ಮೇಲೆ ಒಬ್ಬರು ಬೆಂಚಿನ ಮೇಲೆ ಬಂದು ಕೂತು ಪತ್ರಿಕೆ ಓದುತ್ತಿದ್ದರು. ಕಂಪ್ಲಿಯವರು. ಹೊಸಪೇಟೆಯ ಒಂದು ಮುದ್ರಣಾಲಯದಲ್ಲಿ ಮೂವತ್ತು ವರ್ಷ ಸೀಸದ ಅಚ್ಚುಮೊಳೆ ಜೋಡಿಸಿದ ಕಂಪೋಸಿಟರ್. ಆ ಮುದ್ರಣಾಲಯ ಮುಚ್ಚಿ ಮೊಳೆಗಳೆಲ್ಲ ಗುಜರಿಗೆ ಹೋದ ಮೇಲೆ ಅವರಿಗೆ ಮಾಡಲು ಕೆಲಸವಿರಲಿಲ್ಲ. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ನಿಜ ಹೇಳಬೇಕೆಂದರೆ ಮೊದಮೊದಲು ಅವರು ಬಂದರೆ ನನಗೆ ಕಿರಿಕಿರಿಯಾಗುತ್ತಿತ್ತು. ಗಿರಾಕಿಗಳ ಎದುರೇ ಪರದೆ ಕಡೆ ಬಗ್ಗಿ, "ಇಲ್ಲಿ ಒತ್ತು ತಪ್ಪೈತಿ ನೋಡವ್ವ" ಎನ್ನುತ್ತಿದ್ದರು. ತಪ್ಪಿರುತ್ತಿತ್ತು ಕೂಡ. ಅದಕ್ಕೇ ಕಿರಿಕಿರಿ.

ಒಂದು ವರ್ಷ ದೀಪಾವಳಿ ಕಳೆದ ಮೇಲೆ ಕಮಲಾಪುರದ ಕಡೆಯ ನಾಲ್ಕೈದು ಮಂದಿ ರೈತರು ಒಬ್ಬ ಅಜ್ಜನನ್ನು ಕರೆದುಕೊಂಡು ಬಂದರು. ಅಜ್ಜ ನೀರಗಂಟಿ. ಕಾಲುವೆಯ ನೀರನ್ನು ಯಾವ ಹೊಲಕ್ಕೆ ಯಾವಾಗ, ಎಷ್ಟು ತಾಸು ಬಿಡಬೇಕೆಂದು ನೋಡಿಕೊಳ್ಳುವುದು ಅವರ ಮನೆತನದ ಕೆಲಸ. ಹಂಪಿಯಿಂದ ಕಮಲಾಪುರದವರೆಗೆ ಭತ್ತ, ಬಾಳೆ, ಕಬ್ಬಿಗೆ ನೀರುಣಿಸುವ ಹಳೆಯ ಕಾಲುವೆಗಳ ಒಂದೊಂದು ತೂಬಿಗೂ ಒಂದೊಂದು ಹೆಸರು, ಒಂದೊಂದು ಮಡಿಗೂ ಒಂದೊಂದು ಸರದಿ. ಅದೆಲ್ಲ ಇದ್ದದ್ದು ಅಜ್ಜನ ತಲೆಯಲ್ಲಿ ಮಾತ್ರ. ಅವರಿಗೆ ಓದು ಬರಹ ಬರುತ್ತಿರಲಿಲ್ಲ. ಅವರ ಮಗ ಸೇರಿದಂತೆ ಊರಿನ ಗಂಡಸರು ಬಹಳ ಮಂದಿ ಲಾರಿಯ ಕೆಲಸ ಹಿಡಿದಿದ್ದರು. ಮುಂದೆ ಸರದಿ ಹೇಳುವವರು ಯಾರು ಎಂಬ ಚಿಂತೆ ರೈತರಿಗೆ.

"ಅಜ್ಜ ಹೇಳ್ತಾರ, ನೀವು ಬರಕೊಳ್ರಿ. ಒಂದು ಸಣ್ಣ ಪುಸ್ತಕ ಮಾಡಿಸ್ತೀವಿ" ಎಂದರು ಒಬ್ಬರು.

ನಾನು ಒಪ್ಪಿದೆ. ಅಜ್ಜ ಮರುದಿನದಿಂದಲೇ ಹನ್ನೊಂದು ಗಂಟೆಯ ಬಸ್ಸಿಗೆ ಬರತೊಡಗಿದರು. ತಲೆಗೆ ಬಿಳಿ ರುಮಾಲು, ಹೆಗಲ ಮೇಲೆ ಟವೆಲ್. ಕುರ್ಚಿ ಕೊಟ್ಟರೆ, "ಬ್ಯಾಡವ್ವ, ನೆಲದಾಗ ಕುಂತ್ರ ನನಗ ನೆಪ್ಪಾಗ್ತೈತಿ" ಎಂದು ಗೋಡೆಗೆ ಬೆನ್ನು ಕೊಟ್ಟು ಕೂರುತ್ತಿದ್ದರು. ಕಣ್ಣು ಮುಚ್ಚಿ, ಕಾಲುವೆಯ ದಂಡೆಯ ಮೇಲೆ ನಡೆದುಕೊಂಡು ಹೋಗುತ್ತಿರುವವರಂತೆ ಒಂದೊಂದೇ ತೂಬನ್ನು ಹೇಳುತ್ತಿದ್ದರು. ಯಾವ ತೂಬಿನ ಕಲ್ಲು ಸವೆದಿದೆ, ಎಲ್ಲಿ ಏಡಿ ತೂತು ಮಾಡುತ್ತದೆ, ಯಾವ ಗದ್ದೆಗೆ ಮೊದಲು ನೀರು ಬಿಟ್ಟರೆ ಕೆಳಗಿನವನಿಗೆ ತ್ರಾಸಾಗುತ್ತದೆ ಎಂಬುದೆಲ್ಲ ಬರುತ್ತಿತ್ತು. ನಡುವೆ ಗಿರಾಕಿ ಬಂದರೆ ನಿಲ್ಲಿಸಿ, ಅವರು ಹೋದ ಮೇಲೆ ಬಿಟ್ಟ ಮಾತಿನಿಂದಲೇ ಶುರು ಮಾಡುತ್ತಿದ್ದರು. ನಾನು ನೇರ ಕಂಪ್ಯೂಟರಿಗೇ ಟೈಪ್ ಮಾಡಿಕೊಳ್ಳುತ್ತಿದ್ದೆ. ಅವರು ಓದುವವರಲ್ಲವಾದ್ದರಿಂದ ಕಾಗದದ ಮೇಲೆ ತೆಗೆದುಕೊಡುವ ಪ್ರಮೇಯವೇ ಇರಲಿಲ್ಲ. ಸಂಜೆ ಪರದೆ ನೋಡಿಕೊಂಡು ಓದಿ ಹೇಳುತ್ತಿದ್ದೆ, ಅವರು ತಿದ್ದುತ್ತಿದ್ದರು.

ಹೀಗೆ ಬೇಸಿಗೆ ಹತ್ತಿರವಾಗುವ ಹೊತ್ತಿಗೆ ಕೆಲಸ ಮುಗಿಯಿತು. ಕೊನೆಯ ದಿನ ಅಜ್ಜ ಮನೆಯಿಂದ ಒಂದು ಗೊನೆ ಬಾಳೆಹಣ್ಣು ಹೊತ್ತು ತಂದಿದ್ದರು. "ಇಷ್ಟು ದಿನ ನನ್ನ ಮಾತು ಯಾರೂ ಹಿಂಗ ಕೂತು ಕೇಳಿದ್ದಿಲ್ಲವ್ವ" ಎಂದರು. ಅವರು ಬಸ್ಸು ಹತ್ತುವ ತನಕ ನಾನು ಬಾಗಿಲಲ್ಲೇ ನಿಂತಿದ್ದೆ.

ಪುಸ್ತಕ ಅಚ್ಚಾಗಬೇಕಾಗಿದ್ದದ್ದು ಗದಗಿನಲ್ಲಿ. ಅಲ್ಲಿಯವರು ಫೋನಿನಲ್ಲಿ, "ನಮ್ಮ ಕಡೆ ಬ್ಯಾರೆ ತಂತ್ರಾಂಶ ಐತ್ರಿ. ಬರೇ ಟೆಕ್ಸ್ಟ್ ಫೈಲ್ ಮಾಡಿ ಸಿಡಿಯಾಗ ಹಾಕಿ ಕಳಿಸ್ರಿ" ಎಂದರು. ನಾನು ಅಂಥದ್ದನ್ನು ಹಿಂದೆ ಮಾಡಿರಲಿಲ್ಲ. ಕಡತವನ್ನು ಬೇರೆ ರೂಪದಲ್ಲಿ ಉಳಿಸುವ ಪಟ್ಟಿ ತೆರೆದೆ. ಟೆಕ್ಸ್ಟ್ ಎಂಬ ಹೆಸರಿನವೇ ನಾಲ್ಕೈದು ಬಗೆಗಳಿದ್ದವು. ಒಂದನ್ನು ಒತ್ತಿದೆ. ಕೆಲವು ಅಕ್ಷರಗಳು ಕಳೆದುಹೋಗಬಹುದು, ಮುಂದುವರಿಯಲೇ ಎಂದು ಇಂಗ್ಲಿಷಿನಲ್ಲಿ ಒಂದು ಕಿಟಕಿ ಎದ್ದಿತು. ಎದುರಿಗೆ ಇಬ್ಬರು ಲಾರಿಯವರು ಫಾರಂ ಹಿಡಿದು ನಿಂತಿದ್ದರು. ನಾನು ಆ ಸಾಲನ್ನು ಪೂರ್ತಿ ಓದದೆ ಹ್ಞೂಂ ಎಂದು ಒತ್ತಿಬಿಟ್ಟೆ. ಸಿಡಿ ಎರಡು ಮಾಡಿ ಒಂದನ್ನು ಗದಗಿಗೆ ಕಳಿಸಿ ಇನ್ನೊಂದನ್ನು ಡ್ರಾಯರಿನಲ್ಲಿಟ್ಟೆ.

ವಾರ ಕಳೆಯುವಷ್ಟರಲ್ಲಿ ಕರೆಂಟು ಒಮ್ಮೆಲೇ ಏರಿ ನನ್ನ ಕಂಪ್ಯೂಟರಿನ ಹಾರ್ಡ್ ಡಿಸ್ಕ್ ಸುಟ್ಟುಹೋಯಿತು. ರಿಪೇರಿಯವರು ಹೊಸದು ಹಾಕಿ, ತಮ್ಮಲ್ಲಿದ್ದ ಬೇರೊಂದು ಕನ್ನಡ ತಂತ್ರಾಂಶ ತುಂಬಿ ಕೊಟ್ಟರು. ಹಳೆಯದರ ಮೂಲ ಸಿಡಿ ಎಲ್ಲೂ ಸಿಗಲಿಲ್ಲ. ಅದನ್ನು ಮಾರಿದವರು ಅಂಗಡಿ ಮುಚ್ಚಿ ಊರು ಬಿಟ್ಟಿದ್ದರು. ಅದರ ಮಾರನೆಯ ದಿನ ಗದಗಿನಿಂದ ಫೋನು.

"ಮೇಡಂ, ನೀವು ಕಳಿಸಿದ್ದು ಬರೇ ಕಸ ಕಾಣಿಸ್ತೈತ್ರಿ. ಇನ್ನೊಮ್ಮೆ ಕಳಿಸ್ರಿ."

ಡ್ರಾಯರಿನ ಸಿಡಿ ಹಾಕಿ ತೆರೆದೆ. ಕನ್ನಡದ ಒಂದಕ್ಷರವೂ ಇರಲಿಲ್ಲ. ಇಂಗ್ಲಿಷಿನ ಅಕ್ಷರಗಳು, ಅವುಗಳ ತಲೆಯ ಮೇಲೆ ಗೀಟು, ನಡುನಡುವೆ ಪೌಂಡಿನ ಗುರುತು, ಎಲ್ಲೆಲ್ಲೂ ಪ್ರಶ್ನಾರ್ಥಕ ಚಿಹ್ನೆಗಳು. ಹೊಸ ತಂತ್ರಾಂಶದ ಕನ್ನಡ ಫಾಂಟ್ ಹಾಕಿ ನೋಡಿದೆ. ಕನ್ನಡದ ಅಕ್ಷರಗಳೇನೋ ಬಂದವು, ಆದರೆ ಬಾಯಿಗೆ ಬಾರದ ಕನ್ನಡ. ಮೂಲ ಕಡತದ ಒಂದು ಪ್ರತಿ ಫ್ಲಾಪಿಯಲ್ಲಿತ್ತು. ಹಾಕಿದರೆ ಕರಕರ ಸದ್ದು ಮಾಡಿತೇ ಹೊರತು ತೆರೆಯಲಿಲ್ಲ. ಹೊರತೆಗೆದು ಅದರ ತಗಡು ಸರಿಸಿದೆ. ಒಳಗೆಲ್ಲ ಕೆಂಪು ಧೂಳು.

ಅಜ್ಜನಿಗೆ ಇದ್ದದ್ದು ಇದ್ದ ಹಾಗೆ ಹೇಳಿ, ಇನ್ನೊಮ್ಮೆ ಹೇಳಿಸಿಕೊಳ್ಳುವುದೊಂದೇ ದಾರಿ ಎಂದುಕೊಂಡು ಕಮಲಾಪುರಕ್ಕೆ ಹೋದೆ. ಮನೆಯಲ್ಲಿ ಅಜ್ಜ ಮಂಚದ ಮೇಲೆ ಮಲಗಿದ್ದರು. ಬಾಯಿ ಒಂದು ಕಡೆ ಎಳೆದುಕೊಂಡಿತ್ತು. ಬಲಗೈ, ಪಕ್ಕದಲ್ಲಿದ್ದ ಅವರ ಸೊಸೆ ಎತ್ತಿಟ್ಟಲ್ಲೇ ಇತ್ತು.

"ಎಂಟು ದಿನ ಆತ್ರಿ ಲಕ್ವಾ ಹೊಡದು" ಎಂದರು ಸೊಸೆ. "ಕಿವಿ ಕೇಳ್ತೈತಿ, ಎಲ್ಲಾ ತಿಳೀತೈತಿ. ಮಾತು ಮಾತ್ರ ಬರಂಗಿಲ್ಲ."

ನನ್ನನ್ನು ನೋಡಿ ಅಜ್ಜನ ಕಣ್ಣು ಅರಳಿತು. ಎಡಗೈಯ ಅಂಗೈಯನ್ನು ತೆರೆದು ಮುಚ್ಚಿ, ಮತ್ತೆ ತೆರೆದು ತೋರಿಸಿದರು.

"ಪುಸ್ತಕ ಎಲ್ಲಿ ಅಂತ ಕೇಳ್ತಾರ್ರಿ. ದಿನಾ ಇದೇ" ಎಂದರು ಸೊಸೆ.

"ಬರ್ತೈತಜ್ಜ, ಇನ್ನ ಸ್ವಲ್ಪ ದಿನ" ಎಂದೆ. ಸುಳ್ಳು ಹೇಳಿ ಅಷ್ಟು ಅಭ್ಯಾಸವಿರಲಿಲ್ಲ ನನಗೆ. ವಾಪಸು ಬರುವಾಗ ಬಸ್ಸಿನಲ್ಲಿ ಮಲಪನಗುಡಿ ದಾಟುವ ತನಕ ಸೆರಗು ಬಾಯಿಗಿಟ್ಟುಕೊಂಡು ಕೂತಿದ್ದೆ.

ಅಂಗಡಿಗೆ ಬಂದರೆ ಕಾಕಾ ಬೆಂಚಿನ ಮೇಲಿದ್ದರು. ಏನಾಯಿತೆಂದು ಅವರು ಕೇಳಿದ್ದಕ್ಕೆ ನಾನು ಅದುವರೆಗೆ ಯಾರಿಗೂ ಹೇಳದಿದ್ದುದನ್ನು ಹೇಳಿಬಿಟ್ಟೆ. ಪರದೆಯ ಮೇಲೆ ಆ ಕಸವನ್ನೂ ತೋರಿಸಿದೆ. ಕಾಕಾ ಕನ್ನಡಕ ಒರೆಸಿಕೊಂಡು ಬಹಳ ಹೊತ್ತು ನೋಡಿದರು. ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಬರುತ್ತಿದ್ದರೆ ಬಹುಶಃ ಅದನ್ನು ಇಂಗ್ಲಿಷೆಂದೇ ಓದಲು ಹೋಗುತ್ತಿದ್ದರೇನೋ. ಅವರು ನೋಡಿದ್ದು ಬರೀ ಆಕಾರಗಳನ್ನು.

"ಈ ಗೀಟು ಹೊತ್ತ ಅಕ್ಷರ ನೋಡು, ಸಾಲಿಗೆ ಹತ್ತು ಸಲ ಬಂದೈತಿ" ಎಂದರು. "ಕನ್ನಡದಾಗ ಹಂಗ ಬರೋದು ಯಾವ್ದು ಹೇಳು? ತಲಕಟ್ಟು. ಇದು ಕೆಟ್ಟಿಲ್ಲವ್ವ. ಕೇಸು ಬದಲಾಗೈತಿ ಅಷ್ಟ."

ಮೊಳೆಗಳನ್ನು ಇಡುವ ಮರದ ತಟ್ಟೆಗೆ ಅವರು ಕೇಸು ಎನ್ನುತ್ತಿದ್ದರು. ಅದರಲ್ಲಿ ನೂರಾರು ಸಣ್ಣ ಮನೆಗಳು. ಅಕ್ಷರದ ಮೈ ಒಂದು ಮನೆಯಲ್ಲಿ, ಕೊಂಬು ಇನ್ನೊಂದರಲ್ಲಿ, ಒತ್ತು ಮತ್ತೊಂದರಲ್ಲಿ. ಜೋಡಿಸುವವನ ಕೈಗೆ ಯಾವ ಮನೆಯಲ್ಲಿ ಏನಿದೆ ಎಂಬುದು ಕಣ್ಣು ಮುಚ್ಚಿದರೂ ಗೊತ್ತು. ಬೇರೆ ಮುದ್ರಣಾಲಯಕ್ಕೆ ಹೋದರೆ ಮನೆಗಳ ಜಾಗ ಬೇರೆ ಇರುತ್ತಿತ್ತಂತೆ. ಮೊದಲ ವಾರ ಕೈ ತಪ್ಪುತ್ತದೆ, ಆಮೇಲೆ ಹೊಂದುತ್ತದೆ. ಕಂಪ್ಯೂಟರಿನಲ್ಲಿ ಆಗಿದ್ದೂ ಅದೇ. ಆಗಿನ ತಂತ್ರಾಂಶಗಳಲ್ಲಿ ಯಂತ್ರಕ್ಕೆ ಕನ್ನಡ ಗೊತ್ತಿರಲಿಲ್ಲ. ಒಳಗಿದ್ದದ್ದು ಇಂಗ್ಲಿಷಿನ ಅಕ್ಷರ, ಗುರುತುಗಳೇ. ಅವುಗಳ ಮೇಲೆ ಕನ್ನಡದ ಒಂದೊಂದು ತುಂಡು ಆಕಾರ ತೊಡಿಸುವುದು ಫಾಂಟಿನ ಕೆಲಸ, ಒಂದೊಂದು ತಂತ್ರಾಂಶ ತೊಡಿಸುತ್ತಿದ್ದದ್ದು ಒಂದೊಂದು ಬಗೆ. ಕಂಪ್ಯೂಟರ್ ತರಬೇತಿಗೆ ಆರು ತಿಂಗಳು ಹೋಗಿದ್ದ ನನಗೆ ಇದು ತಿಳಿದದ್ದು ಆ ದಿನ, ಮೌಸ್ ಮುಟ್ಟಲೂ ಹಿಂಜರಿಯುತ್ತಿದ್ದ ಕಂಪೋಸಿಟರ್ ಒಬ್ಬರಿಂದ.

ಹಳೆಯ ಗೋಡೆ ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ, ಹಿಂಬದಿಯಲ್ಲಿ ಕಾಕಾ ಮನೆಗಳನ್ನು ಗೀಚಿದರು. ಒಂದೊಂದು ಮನೆಯಲ್ಲಿ ಮೇಲೆ ಕಸದ ಗುರುತು, ಕೆಳಗೆ ಅದು ಯಾವ ಕನ್ನಡದ ತುಂಡು ಎಂಬುದು. ಮೊದಲ ಪುಟದಲ್ಲಿ ಏನಿತ್ತೆಂದು ನನಗೆ ಹೆಚ್ಚುಕಡಿಮೆ ನೆನಪಿತ್ತು. ಕಾಲುವೆ, ತೂಬು, ನೀರು, ಸರದಿ ಎಂಬ ಮಾತುಗಳು ಮತ್ತೆ ಮತ್ತೆ ಬರುತ್ತಿದ್ದವು. ಅವನ್ನು ಹಿಡಿದು ಒಂದೊಂದೇ ಮನೆ ತುಂಬಿಸುತ್ತ ಹೋದೆವು. ದಿನಾ ಮಧ್ಯಾಹ್ನ ಗಿರಾಕಿಗಳಿಲ್ಲದ ಎರಡು ತಾಸು. ನಾನು ಒಂದು ಗುರುತು ಹುಡುಕಿ ಅದನ್ನು ಹೊಸ ತಂತ್ರಾಂಶದ ಗುರುತಿಗೆ ಬದಲಾಯಿಸುತ್ತಿದ್ದೆ. ಕಾಕಾ ಹಾಳೆಯಲ್ಲಿ ಆ ಮನೆಗೆ ಟಿಕ್ ಹಾಕುತ್ತಿದ್ದರು.

ನಾಲ್ಕನೆಯ ದಿನವೋ ಐದನೆಯ ದಿನವೋ ನಾನೊಂದು ಎಡವಟ್ಟು ಮಾಡಿದೆ. ಹಳೆಯದರಲ್ಲಿ ಕ ಇದ್ದ ಮನೆಯನ್ನು ಬದಲಾಯಿಸಿದೆ. ಅದು ಹೋಗಿ ಕೂತದ್ದು ಹಳೆಯದರಲ್ಲಿ ಗ ಇದ್ದ ಮನೆಗೆ. ಆಮೇಲೆ ಗ ಬದಲಾಯಿಸಿದಾಗ ಕಗಳೂ ಗಗಳಾಗಿ ಒಂದರೊಳಗೊಂದು ಬೆರೆತುಹೋದವು. ಬೇರ್ಪಡಿಸುವ ಬಗೆ ಗೊತ್ತಾಗದೆ ಪರದೆಯನ್ನು ಕಾಕಾನ ಕಡೆ ತಿರುಗಿಸಿದೆ.

"ಹಿಂಗ್ ಆಗ್ಬಾರ್ದು ಅಂತಾನ ನಾವು ಇನ್ನೊಂದು ಖಾಲಿ ತಟ್ಟಿ ಇಟ್ಕಂತಿದ್ವಿ" ಎಂದರು ಕಾಕಾ. "ಮೊದ್ಲು ಎಲ್ಲಾನೂ ಖಾಲಿ ತಟ್ಟಿಗೆ ತೆಗಿ. ಆಮ್ಯಾಲ ಹೊಸ ಮನಿಗೆ ಹಾಕು. ಸಿಡಿ ಐತಲ್ಲ, ಮೊದ್ಲಿಂದ ಮಾಡೂಣು."

ಅವರ ದನಿಯಲ್ಲಿ ಬೇಸರವಿರಲಿಲ್ಲ. ಮೊದಲಿಂದ ಮಾಡಿದೆವು. ಪ್ರತಿ ಗುರುತನ್ನೂ ಮೊದಲು ಒಂದು ಸಂಖ್ಯೆಗೆ ಬದಲಾಯಿಸಿ, ಎಲ್ಲ ಮುಗಿದ ಮೇಲೆ ಸಂಖ್ಯೆಗಳನ್ನು ಹೊಸ ಅಕ್ಷರಗಳಿಗೆ ಬದಲಾಯಿಸುವುದು. ಹೀಗೆ ಒಂದು ತಿಂಗಳು ಹಿಡಿಯಿತು. ಒಂದು ಮಧ್ಯಾಹ್ನ ಕೊನೆಯ ಸಂಖ್ಯೆಯನ್ನು ಬದಲಾಯಿಸಿದಾಗ ಅಜ್ಜನ ಮಾತು ಪರದೆಯ ಮೇಲೆ ಸಾಲುಸಾಲಾಗಿ ಎದ್ದು ನಿಂತಿತು. "ಇಲ್ಲಿ ಏಡಿ ತೂತು ಮಾಡ್ತೈತಿ, ಸಂಜೀಗೆ ಒಮ್ಮೆ ನೋಡಬೇಕು" ಎಂಬ ಸಾಲನ್ನು ಜೋರಾಗಿ ಓದಿದೆ. ಕಾಕಾ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೇಳಿದರು.

ಆದರೆ ಕೆಲಸ ಮುಗಿದಿರಲಿಲ್ಲ. ಅಲ್ಲಲ್ಲಿ ಪ್ರಶ್ನಾರ್ಥಕ ಚಿಹ್ನೆಗಳು ಹಾಗೇ ಉಳಿದಿದ್ದವು. ನಾನು ಓದದೆ ಹ್ಞೂಂ ಎಂದು ಒತ್ತಿದ್ದ ಕಿಟಕಿಯ ಫಲ ಅದು. ಒತ್ತಕ್ಷರಗಳಲ್ಲಿ ಕೆಲವು, ಜೊತೆಗೆ ಮ ಮತ್ತು ಬ, ಇಷ್ಟೂ ಆ ರೂಪದಲ್ಲಿ ಹಿಡಿಸದೆ ಎಲ್ಲವೂ ಒಂದೇ ಪ್ರಶ್ನೆಚಿಹ್ನೆಯಾಗಿದ್ದವು. ಬೇರೆಯವು ಮನೆ ಬದಲಾಯಿಸಿದ್ದವು, ಇವು ಮಾತ್ರ ಮನೆಯಲ್ಲೇ ಇರಲಿಲ್ಲ. ಸಾಮಾನ್ಯ ಮಾತುಗಳನ್ನು ಸುಲಭವಾಗಿ ತುಂಬಿದೆವು. ಕಲ್ಲಿನ ಒತ್ತು ಹೋದರೂ ಅದು ಕಲ್ಲೆಂದು ತಿಳಿಯುತ್ತದೆ. ಹೆಸರುಗಳಲ್ಲಿ ಮಾತ್ರ ನಮ್ಮ ಊಹೆ ನಡೆಯಲಿಲ್ಲ. "?ಾರಿ ತೂಬು" ಎಂದಿತ್ತು. ಮಾರಿ ತೂಬೋ ಬಾರಿ ತೂಬೋ? ಊರಮ್ಮನ ಗುಡಿಯ ಪಕ್ಕದ್ದಾದರೆ ಮಾರಿ. ಸರದಿಗೂ ಬಾರಿ ಎನ್ನುತ್ತಾರಲ್ಲ, ಹಾಗಾದರೆ ಬಾರಿ. "?ಸಿ ಗದ್ದೆ" ಎಂದು ಇನ್ನೊಂದು. ಮಸಿಯೋ ಬಸಿಯೋ? ಇಂಥವು ಎಂಬತ್ತಕ್ಕಿಂತ ಹೆಚ್ಚಿದ್ದವು.

"ಊಹೆ ಮಾಡಿ ಹಾಕೂದು ಬ್ಯಾಡವ್ವ" ಎಂದರು ಕಾಕಾ. "ಹೇಳಿದವ್ರು ಇನ್ನೂ ಅದಾರಲ್ಲ. ಹೋಗೂಣು ನಡಿ."

ಇಬ್ಬರೂ ಕಮಲಾಪುರಕ್ಕೆ ಹೋದೆವು. ಬಸ್ಸಿನಲ್ಲಿ ಕಾಕಾ ಹಾಳೆಗಳನ್ನು ಟವೆಲಿನಲ್ಲಿ ಸುತ್ತಿ ಎದೆಗೆ ಹಿಡಿದುಕೊಂಡಿದ್ದರು. ಅಜ್ಜ ಆಗ ದಿಂಬಿಗೆ ಒರಗಿ ಕೂರುವಷ್ಟಾಗಿದ್ದರು. ನಾನು ಮಂಚದ ಪಕ್ಕ ನೆಲದ ಮೇಲೆ ಕೂತು ನಡೆದದ್ದನ್ನೆಲ್ಲ ಹೇಳಿದೆ. ಕಿಟಕಿಯ ಸಾಲು ಓದದೆ ಒತ್ತಿದ್ದು, ಹಿಂದಿನ ಸಲ ಬಂದಾಗ ಸುಳ್ಳು ಹೇಳಿದ್ದು, ಯಾವುದನ್ನೂ ಬಿಡಲಿಲ್ಲ. ಅಜ್ಜ ನನ್ನ ಮುಖ ನೋಡುತ್ತಲೇ ಇದ್ದರು. ಆಮೇಲೆ ಎಡಗೈ ಎತ್ತಿ ನನ್ನ ತಲೆಯ ಮೇಲಿಟ್ಟರು.

ಸೊಸೆ ಚಹಾ ತಂದಿಟ್ಟು ಅಲ್ಲೇ ಕೂತರು. ಒಂದು ನಿಯಮ ಮಾಡಿಕೊಂಡೆವು. ನಾನು ಓದುವುದು. ಸರಿಯಿದ್ದರೆ ಅಜ್ಜ ಒಂದು ಬೆರಳು ಎತ್ತುವುದು, ತಪ್ಪಿದ್ದರೆ ಅಂಗೈ ಅಲ್ಲಾಡಿಸುವುದು.

"ಮಾರಿ ತೂಬೇನಜ್ಜ?"

ಅಂಗೈ ಅಲ್ಲಾಡಿತು.

"ಬಾರಿ ತೂಬೇನು?"

ಬೆರಳು ಎದ್ದಿತು. ಕಾಕಾ ಪ್ರಶ್ನೆಚಿಹ್ನೆಯನ್ನು ಹೊಡೆದುಹಾಕಿ ಬ ಎಂದು ಬರೆದರು.

ಅದೇ ಊರಿನಲ್ಲಿ ಹುಟ್ಟಿ ಬೆಳೆದ ಸೊಸೆಗೂ ಕೆಲವು ಹೆಸರು ಗೊತ್ತಿದ್ದವು. ಆಕೆ ಹೇಳಿದ್ದನ್ನೂ ಅಜ್ಜನಿಗೆ ಕೇಳಿಯೇ ಬರೆದುಕೊಂಡೆವು. "?ಸಿ ಗದ್ದೆ" ಬಂದಾಗ ಕಾಕಾ, ನಾನು, ಸೊಸೆ ಮೂವರೂ ಅದು ಮಸಿಯೇ ಇರಬೇಕು ಎಂದು ತೀರ್ಮಾನಿಸಿಬಿಟ್ಟಿದ್ದೆವು. ಅಲ್ಲಿಯದು ಎರೆಮಣ್ಣು, ಕಪ್ಪಗಿದೆ ಎಂದು ಸೊಸೆಯೂ ಹೇಳಿದರು. ಅಜ್ಜ ಅಂಗೈ ಅಲ್ಲಾಡಿಸಿದರು. ಬಸಿ ಎಂದೆ. ನನ್ನ ದನಿಯಲ್ಲಿ ಅನುಮಾನ ಕೇಳಿಸಿತೇನೋ. ಅಜ್ಜ ಬೆರಳು ಎತ್ತಿ, ತಾವೇ ಹೇಳಲು ನೋಡಿದರು. ತುಟಿ ಮುಚ್ಚಿಕೊಂಡಿತು. ಮ ಎನ್ನಲೂ ತುಟಿ ಮುಚ್ಚಬೇಕು, ಬ ಎನ್ನಲೂ ಮುಚ್ಚಬೇಕು. ತಿಳಿಯಲಿಲ್ಲ. ಅಜ್ಜನಿಗೆ ಸಿಟ್ಟು ಬಂದಂತಿತ್ತು. ಮಂಚದ ಪಕ್ಕದ ಸ್ಟೂಲಿನ ಮೇಲಿದ್ದ ನೀರಿನ ಲೋಟಕ್ಕೆ ಎಡಗೈ ಅದ್ದಿ, ಹಾಸಿಗೆಯ ಅಂಚಿನ ಮೇಲೆ ಹಿಡಿದರು. ಬಟ್ಟೆಯ ಮೇಲೆ ಬಿದ್ದ ಹನಿ ಮೆಲ್ಲಗೆ ಹರಡುತ್ತ ಹೋಯಿತು. ಅದನ್ನು ತೋರಿಸಿದರು. ನೀರು ತಾನಾಗಿ ಬಸಿಯುವ ಗದ್ದೆ. ಅದಕ್ಕೆ ಸರದಿಯ ನೀರು ಅರ್ಧ ತಾಸು ಸಾಕು ಎಂದು ಅವರೇ ಹೇಳಿದ್ದು ಮುಂದಿನ ಸಾಲಿನಲ್ಲೇ ಇತ್ತು. ಕಾಕಾನೂ ನಾನೂ ಅದನ್ನು ಓದಿದ್ದೆವು, ಆದರೂ ಹೊಳೆದಿರಲಿಲ್ಲ.

ಅಂಥ ಭೇಟಿಗಳು ಆರು ಆದವು. ಮೂರನೆಯ ಭೇಟಿಯ ಹೊತ್ತಿಗೆ ಅಜ್ಜನೂ ಕಾಕಾನೂ ನನ್ನನ್ನು ಬಿಟ್ಟೇ ಕೆಲಸ ಮಾಡತೊಡಗಿದ್ದರು. ಕಾಕಾ ಒಂದೊಂದು ಹೆಸರನ್ನು, ಅದರ ಅಕ್ಷರಗಳನ್ನು ದೊಡ್ಡದಾಗಿ ಬರೆದು ತೋರಿಸುತ್ತಿದ್ದರು. ಅಜ್ಜ ಜೀವಮಾನದಲ್ಲಿ ಮೊದಲ ಸಲ ಅಕ್ಷರಗಳನ್ನು ಗುರುತಿಸುತ್ತಿದ್ದರು. ಬ ಮತ್ತು ಮ ಎರಡು ಅವರಿಗೆ ಚೆನ್ನಾಗಿ ಬಂದವು. ಸೊಸೆ ನನ್ನನ್ನು ಅಡುಗೆಮನೆಗೆ ಕರೆದು, "ನೀವು ಬರೂ ದಿನ ಅವ್ರು ಊಟ ಛಲೋ ಮಾಡ್ತಾರ್ರಿ" ಎಂದರು. ನಾನು ಮಾಡಿದ್ದ ತಪ್ಪಿನಿಂದ ಅವರ ಮನೆಗೆ ಇಷ್ಟಾದರೂ ಒಳ್ಳೆಯದಾಯಿತಲ್ಲ ಎಂದು ನನಗೆ ಹಗುರವೆನಿಸಿತು.

ಈ ಸಲ ಗದಗಿಗೆ ಸಿಡಿ ಮಾತ್ರ ಕಳಿಸಲಿಲ್ಲ. ಪ್ರತಿ ಪುಟವನ್ನೂ ಕಾಗದದ ಮೇಲೆ ಅಚ್ಚು ತೆಗೆದು, ಅದನ್ನು ನೋಡಿಕೊಂಡೇ ಮುದ್ರಿಸಬೇಕೆಂದು ಕಾಕಾ ಹೇಳಿದಂತೆ ಚೀಟಿ ಬರೆದು ಕಳಿಸಿದೆ. ಮಳೆಗಾಲ ಶುರುವಾದ ಮೇಲೆ ಪುಸ್ತಕಗಳ ಕಟ್ಟುಗಳು ಬಂದವು. ತೆಳ್ಳಗಿನ ಪುಸ್ತಕ, ನೀಲಿ ಹೊದಿಕೆ. ರೈತರು ಒಂದು ಕಟ್ಟನ್ನು ಮೊದಲು ಅಜ್ಜನ ಮನೆಗೆ ಒಯ್ದರು. ಅಜ್ಜ ಪುಸ್ತಕ ತೆರೆದು ಪುಟ ತಿರುವಿ ತಿರುವಿ, ಒಂದು ಕಡೆ ಬೆರಳಿಟ್ಟು ತೋರಿಸಿದರು. ಬ ಇತ್ತು.

ಅದಾಗಿ ಹದಿನೈದು ದಿನಕ್ಕೆ ಅಜ್ಜನ ಸೊಸೆ ಫೋನು ಮಾಡಿದರು. ಅಜ್ಜ ಒಂದು ಪುಟ ತೆಗೆದು ಅಂಗೈ ಅಲ್ಲಾಡಿಸುತ್ತಿದ್ದಾರೆ, ಏನೆಂದು ತಿಳಿಯುತ್ತಿಲ್ಲ, ನೀವೇ ಬನ್ನಿ ಎಂದು. ಕಾಕಾನನ್ನೂ ಕರೆದುಕೊಂಡು ಹೋದೆ. ಕಾಕಾ ಬರೆದು ತೋರಿಸಿದ್ದ ಒಂದು ಹೆಸರಿನಲ್ಲಿ ಬ ಇರಬೇಕಾದಲ್ಲಿ ಮ ಬಿದ್ದಿತ್ತು. ನನ್ನ ಕೈತಪ್ಪು. ಅದನ್ನು ಕಂಡುಹಿಡಿದವರು ಓದಲು ಬಾರದ ಅಜ್ಜ. ಕಾಕಾ, "ನನ್ನ ಮೂವತ್ತು ವರ್ಷದಾಗ ಇಂಥ ಪ್ರೂಫ್ ರೀಡರ್ ಸಿಕ್ಕಿರಲಿಲ್ಲ" ಎಂದರು. ಅಜ್ಜನ ಎಳೆದುಕೊಂಡ ಬಾಯಿಯಿಂದ ನಗು ಹೊರಬಿತ್ತು. ಸೊಸೆಯೂ ನಕ್ಕರು.

ಆ ಒಂದು ಪದವನ್ನು ಚೀಟಿಗಳಲ್ಲಿ ಅಚ್ಚು ತೆಗೆದುಕೊಂಡು, ಉಳಿದ ಪ್ರತಿಗಳೊಂದಿಗೆ ಮುಂದಿನ ಭಾನುವಾರ ಮತ್ತೆ ಹೋದೆವು. ಕಾಕಾ ಚೀಟಿಗಳನ್ನು ಒಂದೇ ಅಳತೆಗೆ ಕತ್ತರಿಸಿದರು. ಸೊಸೆ ಮೈದಾ ಹಿಟ್ಟಿನ ಅಂಟು ಕಾಸಿ ತಂದರು. ನಾನು ಪುಟ ತೆರೆದು ಚೀಟಿ ಹಚ್ಚಿ ಅಜ್ಜನ ತೊಡೆಯ ಮೇಲಿಡುತ್ತಿದ್ದೆ. ಅವರು ಎಡಗೈಯ ಹೆಬ್ಬೆರಳಿನಿಂದ ಅದನ್ನು ಒತ್ತಿ, ಒಂದು ಸಲ ನೋಡಿ, ಮುಚ್ಚಿ ಪಕ್ಕಕ್ಕಿಡುತ್ತಿದ್ದರು. ಹೊರಗೆ ಮಳೆ ಹಿಡಿದಿತ್ತು. ಕೊನೆಯ ಪುಸ್ತಕ ಮುಗಿಯುವವರೆಗೆ ಯಾರೂ ಏಳಲಿಲ್ಲ.